ಖಾರ ಒಲ್ಲದ ದೇವರು

ಹೋದ ತಿಂಗಳು ಮಗನಿಗೆ ಕನ್ಯಾ ನೋಡಲು ಅಣ್ಣಿಗೇರಿಗೆ ಹೋಗಿದ್ದೆವು. ಅವಲಕ್ಕಿ, ಬಾಳೆಹಣ್ಣು ಎಲ್ಲ ಆಯಿತು. ಕೊನೆಗೆ ಹುಡುಗಿ ಚಹಾ ತಂದಳು. ಚಹಾದ ಕಪ್ ಮೂಗಿನ ಹತ್ತಿರ ಬಂದದ್ದೇ ತಡ, ನನ್ನ ಕಣ್ಣಿಂದ ದಳದಳ ನೀರು ಇಳಿಯತೊಡಗಿತು. ಹೆಣ್ಣಿನ ಕಡೆಯವರು ಗಾಬರಿಯಾದರು. ನನ್ನ ಹೆಂಡತಿ ಮೊಣಕೈಯಿಂದ ತಿವಿದು, "ಏನ್ರಿ ನಿಮಗ? ಹುಡುಗಿ ಮಾರಿ ಇನ್ನೂ ನೆಟ್ಟಗ ನೋಡಿಲ್ಲ, ಆಗಲೇ ಅಳಾಕ ಚಾಲೂ ಮಾಡೀರಿ" ಎಂದು ಕಿವಿಯಲ್ಲಿ ಬೈದಳು. ಶುಂಠಿ ಗಂಟಲಿಗೆ ಹತ್ತಿತು ಅಂತ ಹೇಳಿ ಪಾರಾದೆ. ಆ ಚಹಾದಲ್ಲಿ ಶುಂಠಿಯೇ ಇರಲಿಲ್ಲ. ಮಜ್ಜಿಗೆ ಹುಲ್ಲು ಇತ್ತು.

ಮಜ್ಜಿಗೆ ಹುಲ್ಲು ಅಂದರೆ ಬಚ್ಚಲ ನೀರಿಗೆ ಹಿತ್ತಲಲ್ಲಿ ಬೆಳೆಯುವ, ನಿಂಬೆಹಣ್ಣಿನ ವಾಸನೆಯ ಸಾದಾ ಹುಲ್ಲು. ನಮ್ಮಲ್ಲಿ ಬಹಳವೆಂದರೆ ಚಹಾಕ್ಕೆ ಎರಡು ಎಳೆ ಹಾಕುತ್ತಾರೆ. ಅದನ್ನು ಸಾರಿಗೆ, ಪಲ್ಯಕ್ಕೆ, ಅನ್ನಕ್ಕೆ ಹಾಕಿ ನನಗೆ ಉಣಬಡಿಸಿದವರು ಈ ಜನ್ಮದಲ್ಲಿ ಒಬ್ಬರೇ. ನಾವೆಲ್ಲ ಅವರನ್ನು ವೈನಿ ಅನ್ನುತ್ತಿದ್ದೆವು. ಅವರ ಹೆಸರು ಹೇಳಲು ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ. ಹೊರಳಿದ್ದರೂ ಅಣ್ಣನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೀತಿ ನಮ್ಮಲ್ಲಿಲ್ಲ. ವೈನಿ ಥಾಯ್ಲಂಡಿನವರು. ಎಲ್ಲಿಯ ಥಾಯ್ಲಂಡ್, ಎಲ್ಲಿಯ ಕುಂದಗೋಳ ತಾಲೂಕು...

ಅಣ್ಣ ನನ್ನ ಒಡಹುಟ್ಟಿದವನೇನಲ್ಲ. ನನಗಿಂತ ಒಂದೆರಡು ವರ್ಷ ದೊಡ್ಡವನು, ಒಂದೇ ಸಾಲಿಯಲ್ಲಿ ಹೊಡೆಸಿಕೊಂಡವರು. ಒಳ್ಳೆ ಜಮೀನುದಾರ ಲಿಂಗವಂತರ ಮನೆಯ ಒಬ್ಬನೇ ಮಗ. ಹೊಲ ಮಾಡು ಅಂದರೆ ಗೋವಾಕ್ಕೆ ಓಡಿಹೋಗಿ ದೊಡ್ಡ ಹೋಟೆಲಿನ ಅಡಿಗೆಮನೆ ಸೇರಿದ. ಅಪ್ಪ ತೀರಿಕೊಂಡ ಮೇಲೆ ತಿರುಗಿ ಬಂದಾಗ ಅವನ ಬೆನ್ನಿಗೆ ವೈನಿ ಇದ್ದರು. ಅದೇ ಹೋಟೆಲಿನಲ್ಲಿ ಅಡಿಗೆಯವರಂತೆ. ಊರಿಗೆ ಊರೇ ಬಂದು ನೋಡಿಹೋಯಿತು.

ಅವನ ಅವ್ವನನ್ನು ನಾವು ಆಯಿ ಅನ್ನುತ್ತಿದ್ದೆವು. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಹೆಂಗಸು. ಸೊಸೆ ಮೀನು ತಿಂದು ಬೆಳೆದವಳು ಅಂತ ತಿಳಿದ ದಿನವೇ, "ನನ್ನ ಒಲಿ ಮುಟ್ಟೂದು ಬ್ಯಾಡ" ಅಂದಳು. ಅಣ್ಣ ವಾದ ಮಾಡಲಿಲ್ಲ. ಮನೆಯ ಎದುರಿಗೆ, ಗಾಡಿದಾರಿಯ ಆಚೆ ಬದಿ, ತಮ್ಮದೇ ಹೊಲದಲ್ಲಿ ತಗಡಿನ ಶೆಡ್ಡು ಹಾಕಿದ. ಮೇಲೊಂದು ಬೋರ್ಡು ಬರೆಸಿದ: 'ಥಾಯ್ಲಂಡ್ ಊಟ. ಶುದ್ಧ ಶಾಕಾಹಾರಿ. ರೊಟ್ಟಿನೂ ಸಿಗತಾವು.'

ಗುಡಗೇರಿ ಕಡೆಗೆ ಹೋಗುವ ಡಾಂಬರು ರಸ್ತೆ ಬಿಟ್ಟು, ಎರೆ ಹೊಲಗಳ ನಡುವೆ ದೂರ ನಡೆದರೆ ಆ ಶೆಡ್ಡು. ಮಳೆಗಾಲದಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುವ ದಾರಿ. ಅಂಥಲ್ಲಿ ಹೋಟೆಲು ಇಟ್ಟವನಿಗೆ ತಲೆ ಕೆಟ್ಟಿದೆ ಅಂತಲೇ ಎಲ್ಲರೂ ಅಂದರು. ನಾನು ಕರೆಂಟಿನ ಲೈನ್‌ಮನ್. ಆ ಕಡೆಯ ಕಂಬಗಳೆಲ್ಲ ನನ್ನವು. ಮಧ್ಯಾಹ್ನ ಹಸಿದಾಗ ಬೇರೆ ಗತಿ ಇಲ್ಲದೆ ಹೊಕ್ಕೆ. ಆಮೇಲೆ ಲೈನಿನಲ್ಲಿ ದೋಷ ಇಲ್ಲದಿದ್ದರೂ ದೋಷ ಹುಡುಕಿಕೊಂಡು ಹೋಗುವ ಹಾಗಾಯಿತು.

ಏನು ಹೇಳಲಿ ಆ ಊಟದ ಸುದ್ದಿ! ನಮ್ಮ ಮನೆಯ ಹೆಣ್ಣುಮಕ್ಕಳು ಹೊಸೆದ ಶ್ಯಾವಿಗೆಯನ್ನೇ ಹುಣಸೆಹುಳಿ, ಬೆಲ್ಲ, ಶೇಂಗಾಪುಡಿ ಹಾಕಿ ದೊಡ್ಡ ಬಾಣಲೆಯಲ್ಲಿ ಚುರ್ ಅಂತ ಹಾರಿಸಿ ಕೊಡುತ್ತಿದ್ದರು. ಪಪ್ಪಾಯಿ ಕಾಯಿಯನ್ನು ಹಸಿಮೆಣಸಿನಕಾಯಿ ಜತೆ ಕಲ್ಲಿನಲ್ಲಿ ಜಜ್ಜಿ ರೊಟ್ಟಿಯ ಬಾಜು ಹಾಕುತ್ತಿದ್ದರು. ಬದನೆಕಾಯಿ, ತೆಂಗಿನಹಾಲು, ಕಾಮಕಸ್ತೂರಿ ಎಲೆಯ ಹಸಿರು ಸಾರು. ಆ ಸಾರಿಗೆ ಮಜ್ಜಿಗೆ ಹುಲ್ಲು. ಏನು ಬೇಕು ಅಂತ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಕೇಳುವುದು ಒಂದೇ ಮಾತು: "ಖಾರಾ ಎಷ್ಟರಿ?" ಬೆರಳು ತೋರಿಸಬೇಕು. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ಗಂಡಸರು ಜಂಬದಿಂದ ಐದೂ ಬೆರಳು ಎತ್ತಿ, ಆಮೇಲೆ ಕೊಡ ಹುಡುಕಿಕೊಂಡು ಓಡುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಾನೂ ಒಮ್ಮೆ ಓಡಿದ್ದೇನೆ.

ಗೋಡೆಯ ಗಡಿಯಾರ ಮಾತ್ರ ಅವರ ದೇಶದ ಟೈಮು ತೋರಿಸುತ್ತಿತ್ತು, ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ. ಗೊತ್ತಿಲ್ಲದವರು ರೈಲು ತಪ್ಪಿತು ಅಂತ ಅರ್ಧ ಊಟ ಬಿಟ್ಟು ಸ್ಟೇಶನ್ನಿಗೆ ಓಡಿ, ಅಲ್ಲಿ ಕಲ್ಲಿನ ಮೇಲೆ ಕೂತು ಕಾದು ಸಾಯುತ್ತಿದ್ದರು. ವೈನಿ ಕನ್ನಡ ಕಲಿತದ್ದು ಅಣ್ಣನಿಂದ. ಎಲ್ಲದಕ್ಕೂ 'ರಿ' ಹಚ್ಚಬೇಕು ಅಂತ ಅವನು ಹೇಳಿಕೊಟ್ಟಿದ್ದ. ನಾಯಿಗೂ "ಬರ್ರಿ, ಉಣ್ರಿ" ಅನ್ನುತ್ತಿದ್ದರು. ನಾಯಿಯೂ ಭಾಳ ಮರ್ಯಾದೆಯಿಂದ ಉಣ್ಣುತ್ತಿತ್ತು.

ಶೆಡ್ಡಿನ ಹೊರಗೆ ಮೂಲೆಯಲ್ಲಿ ಒಂದು ಕಂಬ, ಕಂಬದ ತುದಿಗೆ ಒಂದು ಪುಟ್ಟ ಮನೆ ಇತ್ತು. ಅವರ ಕಡೆ ಮನೆಮನೆಗೂ ಅದು ಇರುತ್ತದಂತೆ, ಆ ಜಾಗ ಕಾಯುವ ಒಡೆಯ ದೇವರಿಗೆ ಅಂತ. ದಿನಾ ಮುಂಜಾನೆ ಅದರಲ್ಲಿ ಒಂದು ತಟ್ಟೆ ಅನ್ನ, ಒಂದು ಲೋಟ ಕೆಂಪು ಶರಬತ್ತು ಇಟ್ಟು ಕೈಮುಗಿಯಬೇಕು. ಮನೆಯನ್ನು ಅಣ್ಣ ತಗಡಿನಿಂದ ಮಾಡಿದ. ಕಂಬ ಕೊಟ್ಟವನು ನಾನು: ಗಾಳಿಗೆ ಬಿದ್ದ ಹಳೆಯ ಕಟ್ಟಿಗೆ ಕಂಬದ ತುಂಡು. ನಮ್ಮ ಜನಕ್ಕೆ ಕೇಳಬೇಕೇ? ತಿಂಗಳೊಪ್ಪತ್ತಿನಲ್ಲಿ ಕಂಬಕ್ಕೆ ಕುಂಕುಮ ಬಿತ್ತು, ಹಸಿರು ಬಳೆ ಬಂದವು, ಯಾರೋ ಕಾಯಿ ಒಡೆದರು. ವೈನಿ ಬೇಡ ಅನ್ನಲಿಲ್ಲ. ಅರ್ಧ ಕಾಯಿ ದೇವರಿಗೆ, ಅರ್ಧ ಸಾರಿಗೆ. ಆಯಿ ಮಾತ್ರ ಮೊದಲು ಮೂಗು ಮುರಿದಳು. ಎಳ್ಳಮಾವಾಸ್ಯೆಗೆ ನಾವು ಹೊಲದ ತುಂಬ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತೇವಲ್ಲ, ಇದೂ ಅಂಥದೇ ಅಂತ ಅಣ್ಣ ತಿಳಿಸಿ ಹೇಳಿದ ಮೇಲೆ, "ಭೂಮಿಗೆ ಉಣ್ಣಾಕ ಕೊಟ್ರ ಬ್ಯಾಡ ಅನ್ನಬಾರದು" ಅಂತ ಸುಮ್ಮನಾದಳು.

ಹೀಗೇ ದಿನ ಹೋದ ಹಾಗೆ ಆಯಿ ಮೆತ್ತಗಾದಳು. ಮಾವಿನ ಹಣ್ಣಿನ ಕಾಲಕ್ಕೆ ವೈನಿ ಕಲಘಟಗಿ ಕಡೆಯ ಅಕ್ಕಿಯನ್ನು ಅಂಟಂಟಾಗಿ ಬೇಯಿಸಿ, ತೆಂಗಿನಹಾಲು ಸುರಿದು, ಮೇಲೆ ಹಣ್ಣಿನ ಹೋಳು ಇಟ್ಟು ಕಳಿಸಿದ್ದರು. ಆಯಿ ಉಂಡಳು. ಬಟ್ಟಲು ತೊಳೆದು, ಖಾಲಿ ಬಟ್ಟಲು ಕಳಿಸಬಾರದು ಅಂತ ಅದರಲ್ಲಿ ಒಂದು ಹಿಡಿ ಬೆಲ್ಲ ಇಟ್ಟು ಕಳಿಸಿದಳು. ವೈನಿ ಆ ಬಟ್ಟಲನ್ನು ಬಂದವರಿಗೆಲ್ಲ ತೋರಿಸಿದರು. ನನಗಂತೂ ಸಾಕುಸಾಕಾಗುವಷ್ಟು ಸಲ ತೋರಿಸಿದರು.

ಆಮೇಲೆ ಅಣ್ಣನಿಗೆ ಕಾಮಾಲೆ ಆಯಿತು. ಗಿಡಮೂಲಿಕೆ, ತಾಯತ, ಹುಬ್ಬಳ್ಳಿಯ ದವಾಖಾನೆ, ಎಲ್ಲ ಆಯಿತು. ಉಳಿಯಲಿಲ್ಲ. ದವಾಖಾನೆಯಲ್ಲಿ ಕಡೆಗೆ ಅವನು ವೈನಿಗೆ ಹೇಳಿದ್ದು ಒಂದೇ ಮಾತು. ನಾನು ಮಂಚದ ಕಾಲ ಬಳಿ ನಿಂತಿದ್ದೆ. "ಅವ್ವ ಉಪವಾಸ ಇರಬಾರದು ನೋಡ."

ಮಣ್ಣು ಮಾಡಿ ಬಂದ ಸಂಜೆ ಅಂಗಳದ ತುಂಬ ಜನ. ವೈನಿ ಒಂದು ಬಟ್ಟಲು ಗಂಜಿ ಹಿಡಿದು ಆಯಿಯ ಮುಂದೆ ಕೂತರು. ಆಯಿ ಆ ಬಟ್ಟಲನ್ನು ನೋಡಿದಳು. ಎದೆಯ ಮೇಲಿನ ಲಿಂಗ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಅಂದಳು: "ನಿನ್ನ ಅಡಿಗಿನ ನನ್ನ ಮಗನ್ನ ತಿಂತು. ಇನ್ನ ಈ ಜೀವ ಇರೂತನಕ ನಿನ್ನ ಕೈಯಾನ ಅನ್ನ ಮುಟ್ಟಿದ್ರ ಕೇಳು." ಹುಳಿ, ಹಸಿ ಸೊಪ್ಪು, ತೆಂಗಿನಹಾಲು ತಿಂದೇ ಪಿತ್ತ ಏರಿತು ಅಂತ ಅವಳ ತಲೆಯಲ್ಲಿ ಕೂತಿತ್ತು. ಮಗ ಸತ್ತ ತಾಯಿಗೆ ಯಾರನ್ನಾದರೂ ಬೈಯಬೇಕು, ದೇವರನ್ನು ಬೈಯುವ ಹೆಂಗಸು ಅವಳಲ್ಲ. ಲಿಂಗ ಮುಟ್ಟಿ ಆಡಿದ ಮಾತು ನಮ್ಮಲ್ಲಿ ಹಿಂದಕ್ಕೆ ಬರುವುದಿಲ್ಲ.

ವೈನಿ ಗಂಟು ಕಟ್ಟಿಕೊಂಡು ಹೋಗುತ್ತಾರೆ ಅಂತ ಊರು ಕಾಯಿತು. ಅವರು ಹೋಗಲಿಲ್ಲ. ಶೆಡ್ಡಿನಲ್ಲೇ ಉಳಿದರು. ಗಂಡನ ಕೊನೆಯ ಮಾತು ಅವರ ಕೊರಳಿಗೆ ಬಿದ್ದಿತ್ತು. ಆಯಿಗೆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಹೆಣ್ಣುಮಕ್ಕಳು ನವಲಗುಂದ, ಕಲಘಟಗಿ ಅಂತ ಕೊಟ್ಟ ಮನೆಯಲ್ಲಿದ್ದರು. ಬರ್ರಿ ಅಂದರೆ ಆಯಿ ಹೋಗುವವಳಲ್ಲ. ತಾನೇ ಒಂದು ರೊಟ್ಟಿ ಬಡಿದು, ಮಜ್ಜಿಗೆಯಲ್ಲಿ ನೆನೆಸಿ, ಅರ್ಧ ತಿಂದು ಅರ್ಧ ದನಕ್ಕೆ ಹಾಕುತ್ತಿದ್ದಳು. ಅವಳು ದಿನದಿನಕ್ಕೆ ಕಡ್ಡಿಯಾಗುವುದು ದಾರಿಯ ಈಚೆಯಿಂದ ವೈನಿಗೆ ಕಾಣುತ್ತಿತ್ತು. ಮಾಡುವುದೇನು? ಎದುರಿಗೇ ಬಾಣಲೆ ತುಂಬ ಊಟ, ದಾಟಲಾಗದ ಒಂದು ಮಾತು ನಡುವೆ.

ಒಂದು ದಿನ ಶೆಡ್ಡಿನ ಹಿಂದಿನ ಕಂಬದಲ್ಲಿ ಫ್ಯೂಜು ಹೋಗಿತ್ತು. ನಾನು ಮೇಲೆ ಹತ್ತಿ ಕೂತಿದ್ದೆ. ಸುಡುಬಿಸಿಲು, ಹೊಲದಲ್ಲಿ ನರಪಿಳ್ಳೆ ಇಲ್ಲ. ಆಯಿ ಮನೆಯಿಂದ ಹೊರಬಿದ್ದಳು. ಆಚೆ ಈಚೆ ನೋಡಿದಳು. ದಾರಿ ದಾಟಿ ಬಂದು ಆ ಪುಟ್ಟ ಮನೆಯ ಮುಂದೆ ನಿಂತು ಕೈಮುಗಿದಳು. ಒಳಗಿನ ತಟ್ಟೆ ತೆಗೆದು, ಕಣ್ಣಿಗೆ ಒತ್ತಿಕೊಂಡು, ಬನ್ನಿಗಿಡದ ಹಿಂದೆ ಹೋಗಿ ಕೂತಳು. ಉಂಡಳು... ಎಷ್ಟೋ ದಿನದಿಂದ ಹಸಿದವರು ಉಣ್ಣುವ ಹಾಗೆ ಉಂಡಳು. ನನ್ನ ಕೈಯಿಂದ ಪಕ್ಕಡ್ ಜಾರಿ ಕೆಳಗೆ ಬಿತ್ತು.

ಆಯಿ ತಲೆ ಎತ್ತಿದಳು. "ಕೆಳಗ ಇಳಿಯಲೇ!"

ಇಳಿದೆ. ಸಣ್ಣ ಹುಡುಗನ ಹಾಗೆ ಮುಂದೆ ನಿಂತೆ.

"ನೋಡಿದಿ ಹೌದಿಲ್ಲೋ?"

"ಏನೂ ನೋಡಿಲ್ಲಬೇ ಆಯಿ."

"ಸುಳ್ಳ ಬೊಗಳಬ್ಯಾಡ." ಅವಳ ಗಲ್ಲಕ್ಕೆ ಒಂದು ಅಗುಳು ಅಂಟಿತ್ತು. "ದೇವರ ಮುಂದ ಇಟ್ಟದ್ದೈತಿ ಇದು. ಆಕಿ ಕೈ ಬಿಟ್ಟು ದೇವರ ಕೈಗೆ ಹೋತು. ದೇವರು ಕೊಟ್ಟದ್ದನ್ನ ಒಲ್ಲೆ ಅನ್ನಾಕ ನಾ ಯಾರಲೇ?"

ತಪ್ಪಿಲ್ಲ ನೋಡಿ. ಪ್ರಸಾದಕ್ಕೆ ಮೈಲಿಗೆ ಇಲ್ಲ, ಮಾತೂ ಮುರಿಯಲಿಲ್ಲ, ಹೊಟ್ಟೆಗೂ ಬಿತ್ತು. ಹೈಕೋರ್ಟಿನ ವಕೀಲನಿಗೂ ಹೊಳೆಯದ ದಾರಿ. ಅವಳು ತಟ್ಟೆಯನ್ನು ಮಣ್ಣಿನಿಂದ ಉಜ್ಜಿ, ಸೆರಗಿನಿಂದ ಒರೆಸಿ, ಒಳಗಿಟ್ಟು, ಬಾಯಿ ಬಿಟ್ಟೀ ನೋಡು ಅಂತ ನನ್ನ ಕಡೆ ಇನ್ನೊಮ್ಮೆ ಕಣ್ಣು ಬಿಟ್ಟು ಹೋದಳು.

ಪಾಪ, ವೈನಿಗೆ ಇದು ಗೊತ್ತಿಲ್ಲ, ತಿಂದದ್ದು ಕಾಗೆಯೋ ಅಳಿಲೋ ಅಂದುಕೊಂಡಿದ್ದಾರೆ ಅಂತ ನನಗೆ ಒಳಗೊಳಗೇ ಸಂಕಟ. ಒಂದು ಮುಂಜಾನೆ ಬೇಗ ಹೋದಾಗ ಅವರು ದೇವರ ತಟ್ಟೆಗೆ ಬಡಿಸುತ್ತಿದ್ದರು. ಅನ್ನ ಬೆಣ್ಣೆಯ ಹಾಗೆ ಬೆಂದಿತ್ತು. ಬದನೆಕಾಯಿಯನ್ನು ಕಿವುಚಿದ್ದರು. ಸಾರು ಬೆಳ್ಳಗಿತ್ತು. ಬೇರೆಯದೇ ಒಂದು ಪಾತ್ರೆ, ಬೇರೆಯದೇ ಒಂದು ಒಲೆ.

"ನಿಮ್ಮ ದೇವರಿಗೆ ಖಾರ ಸೇರಂಗಿಲ್ಲೇನ್ರಿ ವೈನಿ?" ಅಂತ ಚೇಷ್ಟೆ ಮಾಡಿದೆ.

ಅವರು ಸೌಟು ಕೆಳಗಿಡಲಿಲ್ಲ, ಮುಖ ಎತ್ತಲಿಲ್ಲ. "ಹಲ್ಲ ಇಲ್ರಿ ದೇವ್ರಿಗೆ" ಅಂದರು.

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ವೈನಿ ತಟ್ಟೆ ಇಟ್ಟು, ಕೈಮುಗಿದು, ಒಳಗೆ ಬಂದು ಹೇಳಿದರು: "ಯಾರಿಗೂ ಹೇಳಬ್ಯಾಡ್ರಿ ಅಣ್ಣಾರ. ಹೇಳಿದ್ರ ದೇವ್ರು ಬರಂಗಿಲ್ರಿ."

ಇಬ್ಬರೂ ನನ್ನ ಬಾಯಿ ಕಟ್ಟಿದ್ದರು. ನಾನು ಕಟ್ಟಿಕೊಂಡೆ. ಅದೊಂದು ವಿಚಿತ್ರ ಸುಖ. ಮಧ್ಯಾಹ್ನ ಆ ಹೊತ್ತಿಗೆ ವೈನಿ ಬೇಕಂತಲೇ ಶೆಡ್ಡಿನ ಹಿಂದಿನ ಬಾಗಿಲಿಗೆ ಪರದೆ ಎಳೆದು ಪಾತ್ರೆ ತೊಳೆಯುತ್ತಿದ್ದರು, ಜೋರಾಗಿ ಸಪ್ಪಳ ಮಾಡುತ್ತ. ಆ ಸಪ್ಪಳ ಕೇಳಿದರೆ ಆಯಿ ಧೈರ್ಯದಿಂದ ದಾರಿ ದಾಟುತ್ತಿದ್ದಳು. ಗಿರಾಕಿ ಇದ್ದರೆ ಅವರನ್ನು ಮಾತಿಗೆ ಹಚ್ಚಿ ಆ ಕಡೆ ನೋಡದ ಹಾಗೆ ಮಾಡುವುದು ನನ್ನ ಕೆಲಸ. ಹೊಟ್ಟೆತುಂಬ ಗೋಡಂಬಿ ತಿಂದವಳ ಹಾಗೆ ಆಯಿಯ ಮುಖಕ್ಕೆ ಕಳೆ ಬಂತು. ಹೆಣ್ಣುಮಕ್ಕಳು ಬಂದವರು, ಅವ್ವಗ ರೊಟ್ಟಿ ಮಜ್ಜಿಗಿನ ಅಮೃತ ಅಂತ ಹೇಳಿಕೊಂಡು ಹೋದರು.

ವಯಸ್ಸು ಯಾರನ್ನು ಬಿಟ್ಟಿದೆ? ಆಯಿಯ ಬೆನ್ನು ಬಾಗಿತು. ಕೈ ಮೇಲೆತ್ತಿ ತಟ್ಟೆ ಇಳಿಸುವುದು ಆಗದಾಯಿತು. ಒಮ್ಮೆ ಅನ್ನವೆಲ್ಲ ಮಣ್ಣಿಗೆ ಚೆಲ್ಲಿತಂತೆ. ಮರುದಿನ ವೈನಿ ನನಗೆ ಹೇಳಿ ಕಳಿಸಿದರು, ಗರಗಸ ತರ್ರಿ ಅಂತ. ಕಂಬವನ್ನು ಒಂದು ಗೇಣು ಕಡಿಮೆ ಮಾಡಿಸಿದರು. ಮುಂದೆ ಆಯಿ ಇನ್ನೂ ಬಾಗಿದಾಗ ಇನ್ನೊಮ್ಮೆ ಕೊಯ್ಸಿದರು. "ಯಾಕ್ರಿ ವೈನಿ, ಇದೇನು ಗುಡಿ ಭೂಮ್ಯಾಗ ಇಳ್ಯಾಕ ಹತ್ತೇತಲ್ಲ" ಅಂದೆ. ನಗಲು ನೋಡಿದರು, ನಗು ಬರಲಿಲ್ಲ. ದೇವ್ರು ಸಣ್ಣ ಆಗ್ಯಾವ್ರಿ ಅಂದರು. ನಾನು ಕೊಯ್ದೆ. ಹೊಟ್ಟು ಉದುರುವುದನ್ನು ಇಬ್ಬರೂ ನೋಡುತ್ತ ನಿಂತೆವು.

ಆ ದಿನ ನಾನು ಉಣ್ಣುತ್ತ ಕೂತಿದ್ದೆ. ಪಾತ್ರೆಯ ಸಪ್ಪಳ ನಡೆದಿತ್ತು. ಬಹಳ ಹೊತ್ತಾಯಿತು, ಸಪ್ಪಳ ನಿಲ್ಲಲಿಲ್ಲ; ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಆಮೇಲೆ ವೈನಿ ಪರದೆ ಸರಿಸಿ ನೋಡಿದರು. ನಾನೂ ನೋಡಿದೆ. ತಟ್ಟೆ ಇಟ್ಟ ಹಾಗೇ ಇತ್ತು. ಅನ್ನದ ಮೇಲೆ ಇರುವೆ ಹತ್ತಿದ್ದವು.

ಅವರು ಒದ್ದೆ ಕೈಯಲ್ಲೇ ಓಡಿದರು. ಗಂಡ ಸತ್ತ ದಿನದಿಂದ ತುಳಿಯದ ಹೊಸ್ತಿಲನ್ನು ತುಳಿದು ಒಳಗೆ ಹೋದರು. ಆಯಿ ಜಳಕ ಮಾಡಿ, ವಿಭೂತಿ ಹಚ್ಚಿ, ಪೂಜೆ ಮುಗಿಸಿ, ದಾರಿ ದಾಟಲು ಕೋಲು ಹಿಡಿದು ಬಾಗಿಲ ಹತ್ತಿರದ ಕಟ್ಟೆಗೆ ಒರಗಿ ಕೂತಿದ್ದಳು. ಹಾಗೇ ಹೋಗಿದ್ದಳು. ವೈನಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಮ್ಮ ಭಾಷೆಯಲ್ಲಿ ಏನೇನೋ ಹೇಳುತ್ತ ಅತ್ತರು. ಒಂದು ಶಬ್ದವೂ ನನಗೆ ತಿಳಿಯಲಿಲ್ಲ, ಅರ್ಥ ಮಾತ್ರ ತಿಳಿಯದೆ ಉಳಿಯಲಿಲ್ಲ.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದೆವು. ವೈನಿ ದೂರ, ದನದ ಗೋದಲಿಯ ಪಕ್ಕ ನಿಂತಿದ್ದರು. ದೊಡ್ಡ ಮಗಳು ಬಂದ ಬೀಗರಿಗೆಲ್ಲ ಕೇಳಲಿ ಅಂತ ಹೇಳಿದಳು: "ನಮ್ಮವ್ವ ಲಿಂಗಾ ಮುಟ್ಟಿ ಆಡಿದ ಮಾತು. ಸಾಯೂತನಕ ಆಕಿ ಕೈಯಾಂದು ಒಂದ ತುತ್ತ ಮುಟ್ಟಲಿಲ್ಲ ನೋಡ್ರಿ. ಅಂಥಾ ನಿಷ್ಠಿ." ಹಿರಿಯರು ಭಲೆ ಭಲೆ ಅಂತ ಗೋಣು ಹಾಕಿದರು.

ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ. ಏ ತಂಗಿ, ನಿಮ್ಮವ್ವ ಇಷ್ಟು ವರ್ಷ ಬದುಕಿದ್ದು ಯಾರ ಅನ್ನದಿಂದ ಗೊತ್ತೇನು ಅಂತ ಕೇಳಲು ಬಾಯಿ ತೆರೆದಿದ್ದೆ. ವೈನಿ ನನ್ನನ್ನು ನೋಡಿದರು. ಒಂದೇ ನೋಟ. ಆಮೇಲೆ ಮುಂದೆ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಹೌದ್ರಿ. ಒಂದ ತುತ್ತೂ ಮುಟ್ಟಿಲ್ರಿ ನಮ್ಮ ಅತ್ತಿ."

ನಾನು ಕೂತೆ. ಒಂದೇ ಒಂದು ಮಾತಿಗಾಗಿ ಅವರು ಎಷ್ಟು ವರ್ಷ ಕಾದಿದ್ದರು, ಅತ್ತೆ ತಮ್ಮ ಕೈಯ ಊಟ ಉಂಡಳು ಅಂತ ಯಾರಾದರೂ ಒಬ್ಬರು ಅನ್ನಲಿ ಅಂತ. ಬೆಲ್ಲ ಹಾಕಿ ಕಳಿಸಿದ ಒಂದು ಬಟ್ಟಲನ್ನು ಊರಿಗೆಲ್ಲ ತೋರಿಸಿದ ಹೆಂಗಸು. ಅದನ್ನು ಅವರೇ ತಮ್ಮ ಬಾಯಿಂದ ಇಲ್ಲ ಅಂದುಬಿಟ್ಟರು, ಮುದುಕಿಯ ಮಾತು ಉಳಿಯಲಿ ಅಂತ.

ತಿಂಗಳೊಳಗೆ ಹೋಟೆಲು ಮುಚ್ಚಿದರು. ಹೋಗಬ್ಯಾಡ್ರಿ ವೈನಿ, ನಾವಿಲ್ಲೇನ್ರಿ ಉಣ್ಣಾಕ ಅಂತ ಕೈಮುಗಿದು ಕೇಳಿದೆ. "ನಿಮಗ ಹಲ್ಲ ಅದಾವ್ರಿ ಅಣ್ಣಾರ" ಅಂದರು. ಹೊರಡುವ ಮುಂಜಾನೆಯೂ ಆ ಪುಟ್ಟ ಮನೆಯಲ್ಲಿ ತಟ್ಟೆ ಇಟ್ಟಿದ್ದರು. ಕೈಮುಗಿದು, ಅದನ್ನೇ ತೆಗೆದು ನನ್ನ ಕೈಗೆ ಕೊಟ್ಟರು. ಉಂಡೆ. ಬೆಣ್ಣೆಯಂಥ ಅನ್ನ, ಬೆಳ್ಳನೆಯ ಸಾರು, ಮಜ್ಜಿಗೆ ಹುಲ್ಲಿನ ಘಮ. ಐದು ಬೆರಳಿನ ಖಾರಕ್ಕೂ ಬಾರದಷ್ಟು ನೀರು ಕಣ್ಣಲ್ಲಿ ಬಂತು. ಗುಡಗೇರಿ ಸ್ಟೇಶನ್ನಿಗೆ ನಾನೇ ಗಾಡಿಯ ಮೇಲೆ ಬಿಟ್ಟು ಬಂದೆ. ಮೊದಲು ಒಂದೆರಡು ಸಲ ಫೋನು ಬಂತು. ಅವರ ಕನ್ನಡದಲ್ಲಿ 'ರಿ' ಮಾತ್ರ ಹಾಗೇ ಇತ್ತು. ಆಮೇಲೆ ಆ ನಂಬರು ಹತ್ತುವುದು ನಿಂತಿತು. ಇದ್ದಾರೋ ಇಲ್ಲವೋ, ಇದ್ದರೆ ಯಾರಿಗೆ ಅಡಿಗೆ ಮಾಡುತ್ತಾರೋ... ಕೇಳುವುದು ಯಾರನ್ನು?

ಅಣ್ಣಿಗೇರಿಯಿಂದ ಬಂದ ಮರುದಿನ ನನಗೆ ಮನೆಯಲ್ಲಿ ಕೂಡಲಾಗಲಿಲ್ಲ. ಹೋಗಿ ನೋಡಿಬಂದೆ. ಶೆಡ್ಡಿನ ತಗಡು ಹೋಗಿದೆ. ಗಡಿಯಾರ ಇದ್ದ ಗೋಡೆ ಬಿದ್ದಿದೆ. ಮಜ್ಜಿಗೆ ಹುಲ್ಲು ಮಾತ್ರ ಸೊಂಟದುದ್ದ ಬೆಳೆದು ನಿಂತಿದೆ, ಯಾರ ಹಂಗೂ ಇಲ್ಲದೆ. ಅದರ ನಡುವೆ ಆ ಪುಟ್ಟ ಮನೆ. ಎಮ್ಮೆ ಹೊಡೆದುಕೊಂಡು ಬಂದ ಹುಡುಗಿಯೊಬ್ಬಳು, "ಕಾಕಾ, ಈ ದೇವರ ಕಂಬ ಯಾಕ ಇಷ್ಟ ಗಿಡ್ಡ ಐತಿ?" ಅಂತ ಕೇಳಿದಳು. ಗೊತ್ತಿಲ್ಲವ್ವಾ ಅಂದೆ. ಇಬ್ಬರಿಗೆ ಕೊಟ್ಟ ಮಾತು, ಇಬ್ಬರೂ ಈಗ ಇಲ್ಲಿಲ್ಲ ಅಂದ ಮಾತ್ರಕ್ಕೆ ಬಿಡಲು ಬರುತ್ತದೆಯೇ.

ಅವಳು ಹೋದ ಮೇಲೆ ಬನ್ನಿಗಿಡದ ಬುಡದಲ್ಲಿ ಸ್ವಲ್ಪ ಹೊತ್ತು ಕೂತೆ. ನನ್ನವೂ ಈಗ ದವಡೆ ಹಲ್ಲು ಹೋಗಿವೆ. ಖಾರ ಸೇರುವುದಿಲ್ಲ. ಮಧ್ಯಾಹ್ನವಾಗಿತ್ತು, ಹಸಿವಾಗಿತ್ತು. ಎದ್ದು, ಆ ಪುಟ್ಟ ಮನೆಯೊಳಗೆ ಕೈ ಹಾಕಿ ನೋಡಿದೆ. ತಟ್ಟೆ ಇರಲಿಲ್ಲ.